ಸಿಗಡಿ ಹೊಂಡಕ್ಕೆ ಬಿಳಿಚುಕ್ಕೆ ಬಾರದಂತೆ ಎಂಟು ಸೂತ್ರ

ಕುಮಟಾದ ಅಘನಾಶಿನಿ ದಂಡೆಯ ಗಜನಿಗಳಲ್ಲಿ, ಅಂದರೆ ಉಬ್ಬರದ ನೀರು ಬರುವ ತಗ್ಗು ಗದ್ದೆಗಳಲ್ಲಿ, ಮಳೆಗಾಲಕ್ಕೆ ಉಪ್ಪು ತಾಳುವ ಕಗ್ಗ ಭತ್ತ, ಕೊಯ್ಲು ಮುಗಿದ ಮೇಲೆ ಉಬ್ಬರದ ನೀರಿನೊಂದಿಗೆ ತಾನಾಗಿ ಬರುವ ಮೀನು, ಸಿಗಡಿ. ಹಿಂದಿನಿಂದ ನಡೆದುಬಂದ ಪದ್ಧತಿ ಅದು. ಟೈಗರ್ ಸಿಗಡಿಯ ದುಡ್ಡು ಕಣ್ಣಿಗೆ ಬಿದ್ದದ್ದೇ ಭತ್ತ ಹಿಂದೆ ಸರಿಯಿತು. 1994ರ ಸುಮಾರಿಗೆ ಸಿಗಡಿಗೆ ಬಿಳಿಚುಕ್ಕೆ ರೋಗ ತರುವ ವೈರಸ್ ಭಾರತಕ್ಕೆ ಬಂತು. ನಮ್ಮ ಕರಾವಳಿಯ ಹೊಂಡಗಳನ್ನೂ ಬಿಡಲಿಲ್ಲ. ಈಗಲೂ ಸಿಗಡಿ ಸಾಕಣೆಯಲ್ಲಿ ಗೆಲ್ಲುವವನು ಈ ವೈರಸ್ಸನ್ನು ಹೊರಗೇ ನಿಲ್ಲಿಸಿದವನು.

1. ಔಷಧಿ ಹುಡುಕಬೇಡಿ. ಈ ರೋಗಕ್ಕೆ ಅದಿಲ್ಲ. ಆಂಟಿಬಯಾಟಿಕ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ವೈರಸ್ಸನ್ನಲ್ಲ. ಸಿಗಡಿಯ ಮೈಯಲ್ಲಿ ಅದರ ಅಂಶ ಉಳಿದರೆ ರಫ್ತು ಮಾಲು ವಾಪಸ್ ಬರುತ್ತದೆ. ಡಬ್ಬಿ ಹಿಡಿದು ಬರುವ ಏಜೆಂಟರಿಗೆ ಚಹಾ ಕೊಟ್ಟು ಕಳಿಸಿ.

2. ಮರಿಯನ್ನು ಪರೀಕ್ಷಿಸದೆ ಬಿಡಬೇಡಿ. ತಾಯಿ ಸಿಗಡಿಯಿಂದ ಮರಿಗೆ ವೈರಸ್ ದಾಟುತ್ತದೆ, ಬರಿಗಣ್ಣಿಗೆ ಏನೂ ಕಾಣುವುದಿಲ್ಲ. ಪಿ.ಸಿ.ಆರ್. ಪರೀಕ್ಷೆಯೇ ಬೇಕು. 2009ರಿಂದ ವನಾಮಿ ಎಂಬ ಜಾತಿಯ ರೋಗಮುಕ್ತ ತಾಯಿ ಸಿಗಡಿ ವಿದೇಶದಿಂದ ಬಂದು, ಚೆನ್ನೈನ ನೀಲಾಂಕರೈ ಕೇಂದ್ರದಲ್ಲಿ ಪ್ರತ್ಯೇಕವಾಗಿದ್ದು, ಆಮೇಲೆ ಹ್ಯಾಚರಿಗೆ ಹೋಗುತ್ತದೆ. ಆದರೆ ತಾಯಿಗೆ ರೋಗವಿರಲಿಲ್ಲ ಅಂದಮಾತ್ರಕ್ಕೆ ಮರಿಗೆ ಮುಂದೆ ತಗಲುವುದಿಲ್ಲ ಎಂದುಕೊಳ್ಳಬೇಡಿ.

3. ಹೊಳೆಯ ನೀರನ್ನು ನೇರವಾಗಿ ಹೊಂಡಕ್ಕೆ ಹಾಯಿಸಬೇಡಿ. ಮೊದಲು ಬೇರೊಂದು ಹೊಂಡದಲ್ಲಿ ತುಂಬಿ, ಬ್ಲೀಚಿಂಗ್ ಪುಡಿ ಹಾಕಿ ನಿಲ್ಲಿಸಿ. ಆಶ್ರಯಕ್ಕೆ ಜೀವಿ ಸಿಗದಿದ್ದರೆ ಹೊಂಡದ ನೀರಿನಲ್ಲಿ ವೈರಸ್ ಕೆಲವೇ ದಿನಗಳಲ್ಲಿ ಶಕ್ತಿ ಕಳೆದುಕೊಳ್ಳುತ್ತದೆ. ಇದಕ್ಕೆ ಜಾಗ ಬಿಡಲು ರೈತರಿಗೆ ಮನಸ್ಸು ಬಾರದು, ಗೊತ್ತು. ಆದರೂ ಬಿಡಿ.

4. ಏಡಿಗೆ ಬೇಲಿ. ಏಡಿ ಸಾಯದೆ ವೈರಸ್ ಹೊತ್ತು ತಿರುಗುತ್ತದೆ. ದಂಡೆಯ ಸುತ್ತ ಬುಡ ಮುಚ್ಚುವಂತೆ ಬಲೆ ಅಥವಾ ಪ್ಲಾಸ್ಟಿಕ್ ಹಾಳೆ ಕಟ್ಟಿ. ಸತ್ತ ಸಿಗಡಿಯನ್ನು ಕಚ್ಚಿಕೊಂಡು ಹಾರುವ ಹಕ್ಕಿ ಅದನ್ನು ಪಕ್ಕದ ಹೊಂಡಕ್ಕೆ ಬೀಳಿಸಬಹುದು; ಮೇಲೂ ದಾರ ಎಳೆಯಿರಿ.

5. ದಟ್ಟಣೆ ಮಿತಿಯಲ್ಲಿರಲಿ. ವನಾಮಿಗೆ ಕರಾವಳಿ ಜಲಕೃಷಿ ಪ್ರಾಧಿಕಾರದ ಮಿತಿ ಚದರ ಮೀಟರಿಗೆ 60 ಮರಿ.

6. ದಿನಾ ಬೆಳಗ್ಗೆ ದಂಡೆ ಸುತ್ತಿ. ಮೇವಿನ ತಟ್ಟೆ ಎತ್ತಿ ನೋಡಿ. ನಿನ್ನೆ ಖಾಲಿಯಾಗಿದ್ದ ತಟ್ಟೆಯಲ್ಲಿ ಇವತ್ತು ಮೇವು ಹಾಗೇ ಉಳಿದಿದೆಯೇ? ಸಿಗಡಿ ದಂಡೆಯ ಬದಿಗೆ ಬಂದು ಮಂಕಾಗಿ ನಿಂತಿದೆಯೇ? ಒಂದನ್ನು ಹಿಡಿದು ತಲೆಯ ಮೇಲಿನ ಚಿಪ್ಪು ಬಿಡಿಸಿ, ಬೆಳಕಿಗೆ ಹಿಡಿಯಿರಿ. ಚಿಪ್ಪಿನ ಒಳಬದಿಯಲ್ಲಿ ಉಜ್ಜಿದರೂ ಹೋಗದ ಬಿಳಿ ಚುಕ್ಕೆಗಳು ಕಂಡರೆ, ಮೈ ಕೆಂಪೇರಿದ್ದರೆ, ತಕ್ಷಣ ಪರೀಕ್ಷೆಗೆ ಕಳಿಸಿ. ಲಕ್ಷಣ ಕಂಡ 3ರಿಂದ 10 ದಿನಗಳೊಳಗೆ ಇಡೀ ಹೊಂಡ ಸಾಯಬಹುದು. ಎಲ್ಲ ಬಿಳಿ ಚುಕ್ಕೆಯೂ ವೈರಸ್ಸಿನದಲ್ಲ, ಬ್ಯಾಕ್ಟೀರಿಯಾದಿಂದಲೂ ಬರುತ್ತದೆ. ಅದಕ್ಕೇ ಕಣ್ಣಳತೆಯ ತೀರ್ಮಾನ ಸಾಲದು.

7. ರೋಗ ಬಂದಾಗ ತೂಬು ತೆಗೆಯಬೇಡಿ. ಇದೇ ಎಲ್ಲಕ್ಕಿಂತ ಕಷ್ಟದ ಸೂತ್ರ. ಸಿಗಡಿ ಮಾರುವಷ್ಟು ಬೆಳೆದಿದ್ದರೆ ಬಲೆ ಹಾಕಿ ಹಿಡಿದುಬಿಡಿ. ಈ ವೈರಸ್ ಮನುಷ್ಯನಿಗೆ ತಗಲುವುದಿಲ್ಲ. ಉಳಿದ ನೀರಿಗೆ ಬ್ಲೀಚಿಂಗ್ ಹಾಕಿ ನಿಲ್ಲಿಸಿ, ಸತ್ತದ್ದನ್ನು ಹೂಳಿ. ಅಕ್ಕಪಕ್ಕದವರಿಗೆ ಅದೇ ದಿನ ಹೇಳಿ. ಸಾಮಾನ್ಯವಾಗಿ ಮರ್ಯಾದೆಗೆ ಅಂಜಿ ಬಾಯಿ ಮುಚ್ಚಿಕೊಳ್ಳುತ್ತಾರೆ, ರಾತ್ರಿ ನೀರು ಬಿಡುತ್ತಾರೆ. ಇಳಿತದಲ್ಲಿ ನೀವು ಬಿಟ್ಟ ನೀರು ಉಬ್ಬರದಲ್ಲಿ ನೆರೆಯವನ ಹೊಂಡ ಸೇರುತ್ತದೆ, ಮುಂದಿನ ಫಸಲಿಗೆ ನಿಮ್ಮಲ್ಲಿಗೇ ಮರಳುತ್ತದೆ. ಒಂದೇ ಹೊಳೆಯ ನೀರು ಬಳಸುವವರು ಒಟ್ಟಾಗಿ ಮರಿ ಬಿಟ್ಟು, ಒಟ್ಟಾಗಿ ಹೊಂಡ ಒಣಗಿಸಿದರೆ ಅರ್ಧ ಗೆದ್ದಂತೆ.

8. ಇನ್ನು ಸಮುದ್ರದಿಂದ ದೂರದ ನಮ್ಮ ಒಳನಾಡಿನ ದೊಡವಾಡ, ಬೈಲಹೊಂಗಲ, ಸವದತ್ತಿ ಕಡೆಯ ಮಾತು. ಕೃಷಿ ಹೊಂಡದಲ್ಲಿ ವನಾಮಿ ಹಾಕೋಣವೇ ಎನ್ನುವವರಿಗೆ ಉತ್ತರ: ಬೇಡ. ಎರೆ ಹೊಲದ ನಡುವೆ ಉಪ್ಪು ನೀರು ತಂದು ನಿಲ್ಲಿಸಿದರೆ ಹೊಲವೇ ಕೆಡುತ್ತದೆ. ಕಟ್ಲಾ, ರೋಹು ಸಾಕು. ಜತೆಗೊಂದಿಷ್ಟು ಸಿಹಿನೀರ ಸಿಗಡಿ ಬೇಕೆಂದರೆ ಅದಕ್ಕೂ ಬಿಳಿಬಾಲ ರೋಗದ ವೈರಸ್ ಇದೆ. ಅದು ದೊಡ್ಡದನ್ನು ಕೊಲ್ಲದೆ ಎಳೆ ಮರಿಗಳನ್ನು ಕೆಲವೇ ದಿನಗಳಲ್ಲಿ ಮುಗಿಸುತ್ತದೆ. ಆದ್ದರಿಂದ ಮುಂಗಡ ಕೊಡುವ ಮೊದಲು ಹ್ಯಾಚರಿಯವರಲ್ಲಿ ಪಿ.ಸಿ.ಆರ್. ವರದಿ ಕೇಳಿ; ಕೊಡದಿದ್ದರೆ ಮರಿ ತರಬೇಡಿ.