ಆಪರೇಷನ್ ವೇಳೆ ಉದುರಿಸುವ ಪಿಷ್ಟದ ಪುಡಿ ಒಳಗೇ ಉಳಿಯುತ್ತದೆಯೇ?



ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಹೊತ್ತಿನಲ್ಲಿ, "ರಕ್ತ ನಿಲ್ಲಿಸಲು ಒಂದು ಪುಡಿ ಬಳಸಬೇಕಾಗಬಹುದು" ಎಂದು ವೈದ್ಯರು ಹೇಳಿದರೆ ರೋಗಿಯ ಕಡೆಯವರಿಗೆ ಎರಡು ಅನುಮಾನ ಬರುವುದು ಸಹಜ. ಆ ಪುಡಿ ಹೊಟ್ಟೆಯೊಳಗೇ ಉಳಿದುಬಿಡುತ್ತದೆಯೇ? ಅದು ಯಾವುದಾದರೂ ಪ್ರಾಣಿಯಿಂದ ಮಾಡಿದ್ದೇ? ಎರಡೂ ಕೇಳಲೇಬೇಕಾದ ಪ್ರಶ್ನೆಗಳು. ಸಂಕೋಚ ಬೇಡ.

ಪಿಷ್ಟವೆಂದರೆ ಅಕ್ಕಿ, ರಾಗಿ, ಆಲೂಗಡ್ಡೆಗಳಲ್ಲಿರುವ ಹಿಟ್ಟಿನ ಅಂಶ. ನಮ್ಮ ಪಕ್ಕದ ಹಾಸನದ ಕಡೆ ಬೆಳೆಯುತ್ತಾರಲ್ಲ, ಅದೇ ಆಲೂಗಡ್ಡೆ ಜಾತಿಯ ಗೆಡ್ಡೆಯ ಪಿಷ್ಟವನ್ನು ಶುದ್ಧಗೊಳಿಸಿ, ಸಣ್ಣ ಸಣ್ಣ ರಂಧ್ರಗಳುಳ್ಳ ಕಣಗಳನ್ನಾಗಿ ಮಾಡಿ, ಕ್ರಿಮಿರಹಿತವಾಗಿ ಪ್ಯಾಕ್ ಮಾಡುತ್ತಾರೆ. ಅರಿಸ್ಟಾ ಎಂಬ ಇಂಥ ಪುಡಿಗೆ ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2006ರಲ್ಲಿ ಅನುಮತಿ ಕೊಟ್ಟಿತು.

ಪುಡಿ ರಕ್ತದಲ್ಲಿರುವ ನೀರನ್ನು ಬೇಗನೆ ಹೀರುತ್ತದೆ. ಆಗ ಹೆಪ್ಪುಗಟ್ಟಿಸುವ ಕಣಗಳು ಮತ್ತು ಪ್ರೋಟೀನುಗಳು ಗಾಯದ ಬಾಯಲ್ಲೇ ದಟ್ಟವಾಗಿ ಸೇರಿ, ಮೆತ್ತನೆಯ ಲೋಳೆಯಾಗಿ ಕೂರುತ್ತವೆ. ಹೆಪ್ಪುಗಟ್ಟಿಸುವ ಕೆಲಸ ನಮ್ಮ ರಕ್ತದ್ದೇ, ಪುಡಿ ಅದಕ್ಕೆ ಅನುಕೂಲ ಮಾಡಿಕೊಡುತ್ತದೆ ಅಷ್ಟೆ. ಸಣ್ಣ ನಾಳಗಳಿಂದ ಜಿನುಗುವ ರಕ್ತಕ್ಕೆ ಇದು ಸರಿ. ದೊಡ್ಡ ನಾಳ ಕತ್ತರಿಸಿದ್ದರೆ ಅದನ್ನು ದಾರದಿಂದ ಕಟ್ಟಲೇಬೇಕು.

ಇನ್ನು ಕರಗುವ ವಿಚಾರ. ಒಂದು ಹಿಡಿ ಅಕ್ಕಿಯನ್ನು ಬಹಳ ಹೊತ್ತು ಅಗಿದರೆ ಬಾಯಿ ಸಿಹಿಯಾಗುತ್ತದೆ. ಎಂಜಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವುದೇ ಕಾರಣ. ಈ ಕಿಣ್ವ ನಮ್ಮ ರಕ್ತದಲ್ಲೂ ಇದೆ. ಹೀಗಾಗಿ ಅರಿಸ್ಟಾ ಪುಡಿ ಸಾಮಾನ್ಯವಾಗಿ 24ರಿಂದ 48 ಗಂಟೆಗಳಲ್ಲಿ ಕರಗುತ್ತದೆ. ತೆಗೆಯಲು ಇನ್ನೊಂದು ಆಪರೇಷನ್ ಬೇಕಿಲ್ಲ. ರಕ್ತ ನಿಲ್ಲಿಸಲು ಇಡುವ ಜೆಲಟಿನ್ ಸ್ಪಂಜು ಕರಗಲು 4ರಿಂದ 6 ವಾರ ಬೇಕು.

ಸಕ್ಕರೆ ಕಾಯಿಲೆಯವರು ಗಾಬರಿಪಡುವುದುಂಟು. ಪ್ಯಾಕೆಟ್ಟುಗಳು 1, 3, 5 ಗ್ರಾಮಿನವು. ಒಂದು ರಾಗಿಮುದ್ದೆಯ ಮುಂದೆ ಇದು ಏನೂ ಅಲ್ಲ. ಆದರೂ ಮಧುಮೇಹಿಗಳಿಗೆ 50 ಗ್ರಾಮ್ ಮೀರಬಾರದು ಎಂಬ ಎಚ್ಚರಿಕೆ ಆ ಪುಡಿಯ ಸೂಚನಾಪತ್ರದಲ್ಲೇ ಇದೆ.

ಸಸ್ಯಾಹಾರಿ ಮನೆತನದವರಿಗೆ ಒಂದು ಮಾತು. ಪಿಷ್ಟದ ಪುಡಿಯಲ್ಲಿ ಪ್ರಾಣಿಯ ಅಂಶವಿಲ್ಲ. ಆದರೆ ಜೆಲಟಿನ್ ಸ್ಪಂಜನ್ನು ಹೆಚ್ಚಾಗಿ ಹಂದಿ ಅಥವಾ ದನದ ಚರ್ಮದಿಂದ ಮಾಡುತ್ತಾರೆ. ನಿಮಗೆ ಇದು ಮುಖ್ಯವಾದರೆ ಸಹಿ ಹಾಕುವ ಮೊದಲೇ ಹೇಳಿ. ಥಿಯೇಟರಿನೊಳಗೆ ರಕ್ತ ಹರಿಯುತ್ತಿರುವಾಗ ಇದನ್ನು ಚರ್ಚಿಸಲು ಆಗುವುದಿಲ್ಲ. ಆಗ ಕೈಗೆ ಸಿಕ್ಕ ಸಾಧನದಿಂದ ಜೀವ ಉಳಿಸುವುದೇ ವೈದ್ಯರ ಕೆಲಸ.

ಸಸ್ಯದ್ದು ಎಂದಮಾತ್ರಕ್ಕೆ ಅಪಾಯವೇ ಇಲ್ಲವೆಂದಲ್ಲ. ಹಿಂದೆ ವೈದ್ಯರ ಕೈಗವಸುಗಳಿಗೆ ಜೋಳದ ಪಿಷ್ಟ ಸವರುತ್ತಿದ್ದರು. ಅದು ಹೊಟ್ಟೆಯೊಳಗೆ ಉದುರಿ ಕೆಲವರಿಗೆ ಗಂಟುಗಳಾಗುವುದು, ಕರುಳು ಅಂಟಿಕೊಳ್ಳುವುದು ಕಂಡುಬಂತು. ಅಂಥ ಕೈಗವಸುಗಳನ್ನು ಅಮೆರಿಕ 2017ರ ಜನವರಿಯಿಂದ ನಿಷೇಧಿಸಿತು. ರಕ್ತ ನಿಲ್ಲಿಸುವ ಪುಡಿಯನ್ನಾದರೋ ಬೇಕಾದ ಜಾಗಕ್ಕೆ ಮಾತ್ರ ಹಾಕಿ, ರಕ್ತ ನಿಂತ ಮೇಲೆ ಹೆಚ್ಚಾದದ್ದನ್ನು ತೊಳೆದು ತೆಗೆಯಬೇಕು. ನೀರು ಹೀರಿ ಉಬ್ಬುವುದರಿಂದ ಮಿದುಳು, ಬೆನ್ನುಹುರಿಯಂಥ ಇಕ್ಕಟ್ಟಾದ ಜಾಗಗಳಲ್ಲಿ ನರಗಳನ್ನು ಒತ್ತುವ ಭಯವಿದೆ. ರಕ್ತನಾಳದ ಒಳಗಂತೂ ಹೋಗಲೇಬಾರದು. ಕೀವಾದ ಗಾಯದಲ್ಲೂ ಬಹಳ ಎಚ್ಚರ ಬೇಕು.

ತೋಟದಲ್ಲಿ ಎಳನೀರು ಕೊಚ್ಚುವಾಗ ಮಚ್ಚು ತಾಗಿದರೆ ಕಾಫಿಪುಡಿ, ಅರಿಶಿನ ಮೆತ್ತುವ ರೂಢಿ ನಮ್ಮಲ್ಲಿದೆ. ಆಸ್ಪತ್ರೆಯ ಪುಡಿಯ ವಿಷಯ ಕೇಳಿ, ಇದೂ ಹಾಗೆಯೇ ಎಂದುಕೊಳ್ಳಬೇಡಿ. ಅಡುಗೆಮನೆಯ ಪುಡಿ ಕ್ರಿಮಿರಹಿತವಲ್ಲ, ಗಾಯ ತೊಳೆಯುವುದೂ ಕಷ್ಟವಾಗುತ್ತದೆ. ಶುಭ್ರವಾದ ಬಟ್ಟೆಯಿಂದ 10 ನಿಮಿಷ ಬಿಡದೆ ಒತ್ತಿ ಹಿಡಿದು ಆಸ್ಪತ್ರೆಗೆ ಕರೆತನ್ನಿ. ಟಿ.ಟಿ. ಚುಚ್ಚುಮದ್ದು ಬೇಕೇ ಎಂದು ಅಲ್ಲಿ ನೋಡುತ್ತಾರೆ.

ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್ ಮುಂತಾದ ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಅದನ್ನು ಮುಚ್ಚಿಡಬೇಡಿ. ಅದರಿಂದಾಗುವ ರಕ್ತಸ್ರಾವಕ್ಕೆ ಯಾವ ಪುಡಿಯನ್ನೂ ನಂಬಿ ಕೂರಲಾಗದು. ಹಾಗೆಂದು ನೀವೇ ನಿಲ್ಲಿಸಲೂಬೇಡಿ, ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರಿಗೆ ಅದು ಪ್ರಾಣಾಪಾಯ. ಮಾತ್ರೆಯ ಹೆಸರು ಗೊತ್ತಿಲ್ಲದಿದ್ದರೆ ಖಾಲಿ ಸ್ಟ್ರಿಪ್ ಆದರೂ ತಂದು ವಾರ್ಡಿನ ಸಿಸ್ಟರ್ ಕೈಗೆ ಕೊಡಿ.