ಅಂಗಡಿ ಮಾರಬಹುದು, ಬೋರ್ಡು ಮಾರಲಾಗದು

ಫ್ರಾಂಚೈಸಿ ಅಂಗಡಿಗಳು ಕೈಬದಲಾಗುವಾಗಿನ ಕಾಗದಪತ್ರ ನೋಡುವುದು ನನ್ನ ವಕೀಲಿಕೆಯ ಒಂದು ಭಾಗ. ಐಸ್‌ಕ್ರೀಂ ಪಾರ್ಲರ್ ಇರಲಿ, ಪ್ಲೇಸ್ಕೂಲ್ ಇರಲಿ, ಜನ ಎಡವುವ ಜಾಗಗಳು ಅವೇ.

1. ರೇಟು ಮಾತಾಡುವ ಮೊದಲು ಅಗ್ರಿಮೆಂಟು ಓದಿ. ನಮ್ಮಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾಯ್ದೆಯಿಲ್ಲ. 1872ರ ಕರಾರು ಕಾಯ್ದೆಯ ಚೌಕಟ್ಟಿನೊಳಗೆ ಕಂಪನಿ ಬರೆಸಿಕೊಂಡ ಷರತ್ತೇ ಬಹುಪಾಲು ಕಾನೂನು. ಫ್ರಿಜ್ಜು, ಕುರ್ಚಿ, ಗಲ್ಲಾಪೆಟ್ಟಿಗೆ ಮಾರುವವರದು. ಹೆಸರು ಅವರದಲ್ಲ. 1999ರ ಟ್ರೇಡ್ ಮಾರ್ಕ್ ಕಾಯ್ದೆಯ 54ನೇ ಕಲಂ ಪ್ರಕಾರ, ನೋಂದಾಯಿತ ಬಳಕೆದಾರನಿಗೂ ಹೆಸರು ಬಳಸುವ ಹಕ್ಕನ್ನು ಇನ್ನೊಬ್ಬರಿಗೆ ವಹಿಸಿಕೊಡುವ ಅಧಿಕಾರ ಕಾಯ್ದೆಯಿಂದ ಬರುವುದಿಲ್ಲ.

2. ಏರಿಯಾ ಮ್ಯಾನೇಜರ್ "ನೀವು ಮುಂದುವರೀರಿ ಸಾರ್, ನಾನು ನೋಡ್ಕೋತೀನಿ" ಅಂದದ್ದು ಒಪ್ಪಿಗೆಯಲ್ಲ. ಸಹಿ ಹಾಕಲು ಅಧಿಕಾರವಿರುವವರಿಂದ ಬರಹದಲ್ಲಿ ಬರಬೇಕು. ಅದಕ್ಕೂ ಮೊದಲು, ಅದೇ ಬೆಲೆಗೆ ತಾನೇ ಕೊಳ್ಳುವ ಮೊದಲ ಹಕ್ಕನ್ನು ಕಂಪನಿ ಇಟ್ಟುಕೊಂಡಿದೆಯೇ, ವರ್ಗಾವಣೆ ಶುಲ್ಕವೆಷ್ಟು, ರಾಯಲ್ಟಿ ಬಾಕಿ ಎಷ್ಟು, ತರಬೇತಿಯ ಖರ್ಚು ಯಾರ ಮೇಲೆ ಎಂದು ನೋಡಿಕೊಳ್ಳಿ. ಕೊಳ್ಳುವವರು ಕೇಳಲು ಮರೆಯುವುದು ಅವಧಿಯನ್ನು: ಸಿಗುವುದು ಹೊಸ ಐದು ವರ್ಷವೋ, ಹಳೆಯ ಅಗ್ರಿಮೆಂಟಿನಲ್ಲಿ ಉಳಿದ ಹದಿನಾಲ್ಕು ತಿಂಗಳೋ? ಬೆಲೆ ನಿಂತಿರುವುದೇ ಅದರ ಮೇಲೆ.

ಮಾರುವವರು ಮರೆಯುವುದು ಬೇರೆ. ಕಂಪನಿ, ಹಳಬರು, ಹೊಸಬರು ಮೂವರೂ ಸಹಿ ಮಾಡಿ ಹಳೆ ಕರಾರಿನ ಬದಲು ಹೊಸದನ್ನು ತಂದರೆ ಮಾತ್ರ, ಕರಾರು ಕಾಯ್ದೆಯ 62ನೇ ಕಲಂ ಪ್ರಕಾರ, ಹಳೆಯ ಹೊಣೆ ಕಳಚುತ್ತದೆ. ಇಬ್ಬರೇ ಬಾಂಡ್ ಪೇಪರಿನಲ್ಲಿ ಬರೆದುಕೊಂಡರೆ ಅಂಗಡಿ ಹೋದರೂ ಸಾಲದ ಹೊಣೆ, ವೈಯಕ್ತಿಕ ಜಾಮೀನು ಮಾರಿದವರ ಕೊರಳಲ್ಲೇ ಇರುತ್ತವೆ.

3. "ಅಂಗಡಿ ಪ್ರೈವೇಟ್ ಲಿಮಿಟೆಡ್ ಹೆಸರಲ್ಲಿದೆ, ಶೇರು ಬದಲಾಯಿಸಿದರಾಯಿತು" ಎನ್ನುವ ಜಾಣರು ಇದ್ದಾರೆ. ಹಿಡಿತ ಬದಲಾಗುವುದನ್ನೂ ವರ್ಗಾವಣೆಯೆಂದೇ ಎಣಿಸುವ ಷರತ್ತು ಬಹಳ ಅಗ್ರಿಮೆಂಟುಗಳಲ್ಲಿ ಇರುತ್ತದೆ. ಇವರಿಗೆ ನಾನು ಗುಜರಾತ್ ಬಾಟ್ಲಿಂಗ್ ಪ್ರಕರಣ ಹೇಳುತ್ತೇನೆ. ಕೋಕಾ ಕೋಲಾದ ಪಾನೀಯ ತುಂಬುತ್ತಿದ್ದ ಆ ಕಂಪನಿಯ ಶೇರುಗಳು ಪೆಪ್ಸಿ ಕಡೆಯವರ ಕೈಸೇರಿದವು. ಕರಾರು ಜಾರಿಯಲ್ಲಿರುವಾಗ ಪ್ರತಿಸ್ಪರ್ಧಿಯ ಸರಕನ್ನು ಮುಟ್ಟಬಾರದೆಂಬ ಷರತ್ತು ವ್ಯಾಪಾರಕ್ಕೆ ತಡೆಯಲ್ಲ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿ, ಗುಜರಾತ್ ಬಾಟ್ಲಿಂಗ್ ಮೇಲಿದ್ದ ತಡೆಯಾಜ್ಞೆಯನ್ನು ಎತ್ತಿಹಿಡಿಯಿತು.

4. ಗೋಡೆಗೆ ತೂಗುಹಾಕಿದ ಲೈಸೆನ್ಸುಗಳು ಅಂಗಡಿಯ ಜೊತೆ ಬರುವುದಿಲ್ಲ. ಆಹಾರದ ಅಂಗಡಿಯಾದರೆ ಎಫ್‌ಎಸ್‌ಎಸ್‌ಎಐ ಪರವಾನಗಿಯನ್ನು ಹೊಸ ಮಾಲೀಕರು ತಮ್ಮ ಹೆಸರಲ್ಲಿ ಪಡೆಯಬೇಕು. ಮಾಲೀಕರು ತೀರಿಕೊಂಡಾಗ ವಾರಸುದಾರರಿಗೆ ಮಾತ್ರ ಅದನ್ನು ವರ್ಗಾಯಿಸಿಕೊಳ್ಳುವ ದಾರಿಯಿದೆ. ಜಿಎಸ್‌ಟಿ ಕಾಯ್ದೆಯ 85ನೇ ಕಲಂ ಇನ್ನೂ ಕಟು: ವ್ಯಾಪಾರ ಕೈಬದಲಾದ ದಿನದವರೆಗಿನ ತೆರಿಗೆ ಬಾಕಿಗೆ ಕೊಟ್ಟವರೂ ಕೊಂಡವರೂ ಜಂಟಿ ಹೊಣೆ. ಬಾಕಿ ಆಮೇಲೆ ಪತ್ತೆಯಾದರೂ ಅಷ್ಟೇ. ಉಳಿದ ಇನ್‌ಪುಟ್ ಕ್ರೆಡಿಟ್ಟು ಬೇಕಿದ್ದರೆ ಮಾರುವವರು ಐಟಿಸಿ-02 ನಮೂನೆ ಸಲ್ಲಿಸಬೇಕು. ಹಣ ಕೈಸೇರಿದ ಮೇಲೆ ಅವರು ಫೋನ್ ಎತ್ತುವುದು ಕಷ್ಟ.

5. ಕಟ್ಟಡದ ಮಾಲೀಕರನ್ನು ಮೊದಲೇ ಕಾಣಿ. ಬಾಡಿಗೆ ಕರಾರು ಬೇರೆಯವರಿಗೆ ವಹಿಸಬಾರದು ಎಂದಿದ್ದರೆ ಕಂಪನಿಯ ಒಪ್ಪಿಗೆ ಸಿಕ್ಕೂ ಪ್ರಯೋಜನವಿಲ್ಲ. ಅಡ್ವಾನ್ಸ್ ಯಾರಿಗೆ ವಾಪಸ್ ಎನ್ನುವುದನ್ನೂ ಬರೆಸಿ.

6. ಗುಡ್‌ವಿಲ್ಲಿಗೆ ದುಡ್ಡು ಕೊಟ್ಟಿದ್ದೀರಾದರೆ ಅದನ್ನು ಕರಾರಿನಲ್ಲಿ ಬೇರೆಯಾಗಿಯೇ ತೋರಿಸಿ. ಏಕೆಂದರೆ ಕರಾರು ಮುಗಿದ ಮೇಲೂ ವ್ಯಾಪಾರ ಮಾಡಬೇಡ ಎಂಬ ಷರತ್ತು ಕರಾರು ಕಾಯ್ದೆಯ 27ನೇ ಕಲಂ ಪ್ರಕಾರ ಅಸಿಂಧು; ಗುಡ್‌ವಿಲ್ ಮಾರಿದವರನ್ನು ಮಾತ್ರ, ಅದೂ ನ್ಯಾಯವೆನಿಸುವ ಸ್ಥಳಮಿತಿಯೊಳಗೆ, ತಡೆಯಬಹುದು.

7. ಮುಂಗಡ ಚಿಕ್ಕದಿರಲಿ. ಇಂಥ ತಾರೀಖಿನೊಳಗೆ ಕಂಪನಿಯ ಒಪ್ಪಿಗೆ ಬರದಿದ್ದರೆ ಅದು ವಾಪಸ್ ಎಂದು ಮೊದಲ ಪುಟದಲ್ಲೇ ಬರೆಸಿ, ಬಾಕಿ ಹಣವನ್ನು ಒಪ್ಪಿಗೆಪತ್ರದ ಅಸಲು ನೋಡಿದ ಮೇಲೆ ಕೊಡಿ.