ಹೆಲ್ಮೆಟ್ ಬೇಡ ಎನ್ನುವ ಮಗು ಏನು ಹೇಳುತ್ತಿದೆ?

“ಹೆಲ್ಮೆಟ್ ಕೊಡಿಸಿದ್ದೇವೆ, ಆದರೆ ಹಾಕಿಕೊಳ್ಳೋದೇ ಇಲ್ಲ.” ಒಂದನೇ ತರಗತಿಯ ಮಗುವಿನ ತಾಯಿಯೂ ಪಿಯುಸಿ ಓದುವ ಹುಡುಗನ ತಂದೆಯೂ ಈ ಮಾತನ್ನು ಹೆಚ್ಚುಕಡಿಮೆ ಹೀಗೇ ಹೇಳುತ್ತಾರೆ. ಕೆಲವರು ಅದನ್ನು ಹಟ ಎನ್ನುತ್ತಾರೆ, ಕೆಲವರು ಶೋಕಿ ಎನ್ನುತ್ತಾರೆ. ಅವರನ್ನು ನಾನು ಮೊದಲು ಕೇಳುವುದು ಇಷ್ಟೇ: ಆ ಹೆಲ್ಮೆಟ್ ಕೊಳ್ಳುವಾಗ ಮಗು ಅಂಗಡಿಯಲ್ಲಿ ಇತ್ತೇ? ಬಹಳ ಸಲ ಇರುವುದಿಲ್ಲ. ಕೆಲಸದಿಂದ ಬರುವಾಗ ರಸ್ತೆ ಬದಿಯಲ್ಲಿ ಕೊಂಡದ್ದು, ಮೊಬೈಲಿನಲ್ಲಿ ಬಣ್ಣ ನೋಡಿ ತರಿಸಿದ್ದು, ಅಣ್ಣನಿಗೆ ಬಿಗಿಯಾಯಿತೆಂದು ತಂಗಿಯ ಪಾಲಿಗೆ ಬಂದದ್ದು, ಹೀಗೆ ಏನೋ ಒಂದಿರುತ್ತದೆ. ಮಗುವಿನ ಮೇಲಿನ ಕಾಳಜಿಯಿಂದಲೇ ಅದು ಮನೆಗೆ ಬಂದಿದೆ, ಅದರಲ್ಲಿ ಸಂಶಯವಿಲ್ಲ. ಬಂದ ರೀತಿಯನ್ನು ಮಾತ್ರ ಸ್ವಲ್ಪ ನೋಡಬೇಕಾಗಿದೆ.

ಮೊದಲು ತಲೆಗೆ ಪೆಟ್ಟು ಬೀಳುವುದು ಹೇಗೆ ಎಂದು ತಿಳಿಯೋಣ. ಒಂದೂವರೆ ಮೀಟರ್ ಎತ್ತರದಿಂದ ಬಿದ್ದ ತಲೆ ನೆಲ ಮುಟ್ಟುವ ಹೊತ್ತಿಗೆ ಗಂಟೆಗೆ ಸುಮಾರು 20 ಕಿಲೋಮೀಟರ್ ವೇಗದಲ್ಲಿರುತ್ತದೆ. ಇದು ಬೀಳುವುದರಿಂದಷ್ಟೇ ಬಂದ ವೇಗ, ಗಾಡಿ ನಿಂತೇ ಇದ್ದರೂ ಲೆಕ್ಕ ಇದೇ. “ಶಾಲೆ ಇಲ್ಲೇ ಹತ್ತಿರ, ನಿಧಾನವಾಗಿ ಹೋಗ್ತೀವಿ” ಎಂಬ ಸಮಾಧಾನ ಅರ್ಧ ಮಾತ್ರ ಸರಿ ಎನ್ನುವುದು ಇದಕ್ಕೇ. ನೆಲಕ್ಕೆ ತಗುಲಿದ ತಲೆಬುರುಡೆ ಥಟ್ಟನೆ ನಿಲ್ಲುತ್ತದೆ. ಒಳಗೆ ತೆಳು ದ್ರವದಲ್ಲಿ ತೇಲುತ್ತಿರುವ ಮಿದುಳು ಅಷ್ಟು ಬೇಗ ನಿಲ್ಲುವುದಿಲ್ಲ; ಬುರುಡೆಯ ಒಳಮೈಗೆ ಬಡಿಯುತ್ತದೆ, ಕೆಲವೊಮ್ಮೆ ತಿರುಚಿಕೊಳ್ಳುತ್ತದೆ. ಹೊರಗೆ ಗೀರೂ ಇಲ್ಲದ ತಲೆಯೊಳಗೆ ರಕ್ತಸ್ರಾವವಾಗುವುದು ಹೀಗೆ.

ಹೆಲ್ಮೆಟ್ಟಿನ ಹೊರಗಿನ ಗಟ್ಟಿ ಚಿಪ್ಪು ಪೆಟ್ಟನ್ನು ಹರಡುತ್ತದೆ, ಚೂಪಾದ ವಸ್ತು ಒಳಗೆ ಚುಚ್ಚದಂತೆ ತಡೆಯುತ್ತದೆ. ದೊಡ್ಡ ಕೆಲಸ ಮಾಡುವುದು ಅದರ ಒಳಗಿನ ಇಪಿಎಸ್, ಅಂದರೆ ನಾವು ಥರ್ಮೋಕೋಲ್ ಎನ್ನುವ ಬಿಳಿ ಅಥವಾ ಕಪ್ಪು ಪದರ. ಅದು ಕುಗ್ಗಿ ನಜ್ಜಾಗುತ್ತಾ ತಲೆ ನಿಲ್ಲುವ ಕ್ಷಣವನ್ನು ಸ್ವಲ್ಪ ಉದ್ದ ಮಾಡುತ್ತದೆ. ಹಾಗೆ ಹೆಚ್ಚುವ ಕೆಲವೇ ಮಿಲಿಸೆಕೆಂಡುಗಳೇ ಮಿದುಳಿಗೆ ಸಿಗುವ ರಕ್ಷಣೆ. ಆ ಪದರ ಕೆಲಸ ಮಾಡಬೇಕಾದರೆ ಹೆಲ್ಮೆಟ್ ತಲೆಯನ್ನು ಎಲ್ಲ ಕಡೆ ಹಿಡಿದುಕೊಂಡಿರಬೇಕು. ಸಡಿಲವಾಗಿದ್ದರೆ ಬೀಳುವ ಗಳಿಗೆಯಲ್ಲಿ ಅದು ಪಕ್ಕಕ್ಕೆ ತಿರುಗುತ್ತದೆ, ಅಥವಾ ಕಳಚಿ ಹಾರಿಹೋಗುತ್ತದೆ.

ಇಲ್ಲಿಯೇ ನಮ್ಮ ಒಂದು ಒಳ್ಳೆಯ ಅಭ್ಯಾಸ ದಾರಿ ತಪ್ಪಿಸುತ್ತದೆ. ಜೂನ್‌ನಲ್ಲಿ ಯೂನಿಫಾರ್ಮ್ ಹೊಲಿಸುವಾಗ ಎರಡು ವರ್ಷ ಬರಲೆಂದು ಸ್ವಲ್ಪ ದೊಡ್ಡದೇ ಹೊಲಿಸುತ್ತೇವೆ, ಹೆಲ್ಮೆಟ್ಟನ್ನೂ ಅದೇ ಲೆಕ್ಕದಲ್ಲಿ ಕೊಳ್ಳುತ್ತೇವೆ. ಮಗುವಿನ ತಲೆ ಮೈಯಂತೆ ಬೆಳೆಯುವುದಿಲ್ಲ. ಐದಾರು ವರ್ಷಕ್ಕೆ ಮಿದುಳು ದೊಡ್ಡವರ ಮಿದುಳಿನ ಗಾತ್ರದ ಸುಮಾರು ಶೇ 90ರಷ್ಟನ್ನು ಮುಟ್ಟಿರುತ್ತದೆ. ಐದು ವರ್ಷದ ಮಗುವಿನ ತಲೆಯ ಸುತ್ತಳತೆ ಹೆಚ್ಚುಕಡಿಮೆ 50 ಸೆಂಟಿಮೀಟರ್. ಬೆಳೆದವರಲ್ಲಿ ಅದು ಸಾಮಾನ್ಯವಾಗಿ 54ರಿಂದ 60ರ ನಡುವೆ. ಇಷ್ಟು ವ್ಯತ್ಯಾಸ ಆಗುವುದಕ್ಕೆ ಹತ್ತು ವರ್ಷಕ್ಕೂ ಹೆಚ್ಚು ಬೇಕು. ಅಂದರೆ ಮುಂದಕ್ಕಾಗುತ್ತದೆ ಎಂದು ತಂದ ದೊಡ್ಡ ಹೆಲ್ಮೆಟ್ ಬಹುಕಾಲ ದೊಡ್ಡದಾಗಿಯೇ ಉಳಿಯುತ್ತದೆ. ಜೊತೆಗೆ ಮಗುವಿನ ಮೈಗೆ ಹೋಲಿಸಿದರೆ ತಲೆಯ ಭಾರ ಹೆಚ್ಚು, ಕತ್ತಿನ ಸ್ನಾಯುಗಳು ಇನ್ನೂ ಎಳೆಯವು. ಸಡಿಲವಾದ ಭಾರದ ಹೆಲ್ಮೆಟ್ ಪ್ರತಿ ಹಂಪ್‌ನಲ್ಲೂ ಆ ಕತ್ತನ್ನು ಜಗ್ಗುತ್ತದೆ.

ಈಗ ಮಗುವಿನ “ಬೇಡ” ಎಂಬ ಮಾತಿಗೆ ಬರೋಣ. ಆರು ವರ್ಷದ ಮಗುವಿಗೆ “ಹಣೆಯ ನಡುವೆ ಒತ್ತುತ್ತಿದೆ, ಹಿಂದೆ ಜಾಗ ಖಾಲಿ ಇದೆ” ಎಂದು ಬಿಡಿಸಿ ಹೇಳಲು ಬರುವುದಿಲ್ಲ. ಅದು ಅಳುತ್ತದೆ, ಕಿತ್ತು ಹಾಕುತ್ತದೆ. ಅಂಚು ಕಣ್ಣಿನ ಮೇಲೆ ಇಳಿದು ದಾರಿ ಕಾಣದಿರಬಹುದು. ಎತ್ತರಕ್ಕೆ ಕಟ್ಟಿದ ಎರಡು ಜಡೆ, ಕ್ಲಿಪ್ಪು, ಹೇರ್‌ಬ್ಯಾಂಡ್ ನೆತ್ತಿಗೆ ಒತ್ತುತ್ತಿರಬಹುದು. ಒಳಗಿನ ಬಟ್ಟೆ ಕೊಬ್ಬರಿ ಎಣ್ಣೆ, ಬೆವರು ಸೇರಿ ನಾರುತ್ತಿರಬಹುದು. ಮಳೆಗಾಲದಲ್ಲಿ ಗಾಜಿಗೆ ಉಸಿರಿನ ಮಂಜು ಕಟ್ಟಿದರೆ ಪುಟ್ಟ ಮಕ್ಕಳು ಗಾಬರಿಯಾಗುತ್ತಾರೆ. ಇವೆಲ್ಲಕ್ಕೂ ಪರಿಹಾರ ಉಂಟು. ಆದರೆ ನಾವು ಹಟ ಎಂದು ಗದರಿಸಿಬಿಟ್ಟರೆ ಕಾರಣ ನಮಗೆ ತಿಳಿಯುವುದೇ ಇಲ್ಲ.

ಹದಿಹರೆಯದವರ ಕತೆ ಬೇರೆ. ಕೂದಲು ಕೆಡುತ್ತದೆ, ಗೆಳೆಯರು ನಗುತ್ತಾರೆ ಎನ್ನುವುದು ಮೇಲಿನ ಮಾತು. ಅದರ ಕೆಳಗೆ ಇನ್ನೊಂದು ಪಾಠವಿದೆ, ಅದನ್ನು ಅವರು ಹಿಂದಿನ ಸೀಟಿನಲ್ಲಿ ಕುಳಿತು ವರ್ಷಗಟ್ಟಲೆ ಕಲಿತಿದ್ದಾರೆ. ಸರ್ಕಲ್ ಹತ್ತಿರ ಬಂದಾಗ ಕೈಗೆ ನೇತುಹಾಕಿದ್ದ ಹೆಲ್ಮೆಟ್ ತಲೆಗೇರುತ್ತದೆ, ದಾಟಿದ ಮೇಲೆ ಇಳಿಯುತ್ತದೆ. “ಹಾಕ್ಕೋ, ಪೊಲೀಸ್ ಇದ್ದಾರೆ” ಎಂಬ ಮಾತು ಕೇಳಿ ಬೆಳೆದ ಮಗು ಪೊಲೀಸರಿಲ್ಲದ ಊರಿನ ರಸ್ತೆಯಲ್ಲಿ ಅದನ್ನು ತೆಗೆದರೆ, ನಾವು ಹೇಳಿಕೊಟ್ಟ ತರ್ಕವನ್ನೇ ಪಾಲಿಸಿದಂತಾಯಿತು. ದಂಡದ ಮಾತು ಬಿಟ್ಟು ಮೇಲೆ ಹೇಳಿದ ಮಿದುಳಿನ ವಿಷಯವನ್ನು ಹದಿನೈದರ ಹುಡುಗನಿಗೆ ನೇರವಾಗಿ ಹೇಳಿ ನೋಡಿ. ಅವನು ಭೌತಶಾಸ್ತ್ರ ಓದುತ್ತಿದ್ದಾನೆ, ಲೆಕ್ಕ ತಾನೇ ಹಾಕಿ ನೋಡಬಲ್ಲ.

“ನಾನು ಚೆನ್ನಾಗಿ ಓಡಿಸ್ತೀನಿ” ಎಂದರೆ ಒಂದು ನಿಜ ಸಂಗತಿ ಹೇಳಬಹುದು. ‘ಅರೇಬಿಯಾದ ಲಾರೆನ್ಸ್’ ಎಂದು ಹೆಸರಾದ ಟಿ.ಇ. ಲಾರೆನ್ಸ್ ನುರಿತ ಬೈಕ್ ಸವಾರ. 1935ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಹಳ್ಳಿ ರಸ್ತೆಯೊಂದರಲ್ಲಿ ಸೈಕಲ್ಲಿನ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ಬಿದ್ದು, ತಲೆಗೆ ಪೆಟ್ಟಾಗಿ ಆರು ದಿನಗಳ ಮೇಲೆ ತೀರಿಕೊಂಡರು. ಅವರನ್ನು ನೋಡಿದ ವೈದ್ಯರಲ್ಲಿ ನರಶಸ್ತ್ರವೈದ್ಯ ಹ್ಯೂ ಕೇರ್ನ್ಸ್ ಒಬ್ಬರು. ಮುಂದೆ 1941ರಲ್ಲಿ ಬೈಕ್ ಸವಾರರ ತಲೆಪೆಟ್ಟು ಮತ್ತು ಹೆಲ್ಮೆಟ್ ಕುರಿತು ಅವರು ಬರೆದ ಲೇಖನ ಸೈನ್ಯದ ಸವಾರರಿಗೆ ಹೆಲ್ಮೆಟ್ ಕಡ್ಡಾಯವಾಗಲು ನೆರವಾಯಿತು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ 2008ರ ಕಾಕ್ರೇನ್ ವಿಮರ್ಶೆಯ ಪ್ರಕಾರ ಹೆಲ್ಮೆಟ್ ಸವಾರನ ಸಾವಿನ ಅಪಾಯವನ್ನು ಸುಮಾರು ಶೇ 42ರಷ್ಟು, ತಲೆಪೆಟ್ಟಿನ ಅಪಾಯವನ್ನು ಶೇ 69ರಷ್ಟು ತಗ್ಗಿಸುತ್ತದೆ.

ಕೊಳ್ಳುವ ಕೆಲಸ ಮನೆಯಲ್ಲಿ ಟೇಪಿನಿಂದ ಶುರುವಾಗಲಿ. ಹುಬ್ಬಿನಿಂದ ಎರಡು ಬೆರಳು ಮೇಲೆ, ಹಿಂತಲೆಯ ಅತಿ ಉಬ್ಬಿದ ಜಾಗದ ಮೇಲೆ ಹಾಯುವಂತೆ ಸುತ್ತಳತೆ ತೆಗೆಯಿರಿ. ಅಂಗಡಿಯಲ್ಲಿ 560, 580, 600 ಎಂದು ಬರೆದಿರುವುದು ಇದೇ ಅಳತೆ, ಮಿಲಿಮೀಟರಿನಲ್ಲಿ. ಕಂಪನಿಯಿಂದ ಕಂಪನಿಗೆ ಸ್ವಲ್ಪ ಹೆಚ್ಚುಕಡಿಮೆ ಇರುವುದರಿಂದ ಸಂಖ್ಯೆಯೊಂದನ್ನೇ ನಂಬಬಾರದು, ಮಗುವಿನ ತಲೆಗೇ ಹಾಕಿ ನೋಡಬೇಕು. ದಿನವೂ ಹೆಣೆಯುವ ಜಡೆಯಲ್ಲೇ ಮಗಳನ್ನು ಕರೆದೊಯ್ಯಿರಿ. ಜಡೆಯನ್ನು ಕತ್ತಿನ ಹತ್ತಿರ ತಗ್ಗಿಸಿ ಹೆಣೆದರೆ ಅರ್ಧ ತೊಂದರೆ ಅಲ್ಲೇ ಕಳೆಯುತ್ತದೆ.

ಹಾಕಿದ ಮೇಲೆ ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲನೆ ಅತ್ತಿತ್ತ ತಿರುಗಿಸಿ. ಹಣೆಯ ಚರ್ಮವೂ ಅದರೊಡನೆ ಸರಿಯಬೇಕು. ಹೆಲ್ಮೆಟ್ ಮಾತ್ರ ಜಾರಿದರೆ ಅಳತೆ ದೊಡ್ಡದಾಯಿತು. ಪಟ್ಟಿ ಬಿಗಿದು, ಹಿಂದಿನ ಅಂಚಿಗೆ ಕೈಹಾಕಿ ಮುಂದಕ್ಕೆ ಎತ್ತಿ ನೋಡಿ, ಕಳಚಿ ಬರಬಾರದು. ಗದ್ದ ಮತ್ತು ಪಟ್ಟಿಯ ನಡುವೆ ಒಂದೆರಡು ಬೆರಳು ತೂರುವಷ್ಟು ಜಾಗ ಸಾಕು. ಆಮೇಲೆ ಹತ್ತು ಹದಿನೈದು ನಿಮಿಷ ಅದನ್ನು ತೆಗೆಯದೆ ಅಂಗಡಿಯಲ್ಲೇ ಓಡಾಡಲು ಬಿಡಿ. ಅಂಗಡಿಯವರು ಅವಸರಪಡಿಸಿದರೂ ಈ ಹೊತ್ತನ್ನು ಬಿಟ್ಟುಕೊಡಬೇಡಿ, ಬೆಲೆಗಿಂತ ಮುಖ್ಯವಾದ ಭಾಗ ಇದು. ತೆಗೆದಾಗ ಹಣೆಯ ಒಂದೇ ಜಾಗದಲ್ಲಿ ಕೆಂಪು ಗುರುತು ಬಿದ್ದಿದ್ದರೆ ಅಥವಾ ಅಲ್ಲಿ ನೋಯುತ್ತದೆ ಎಂದರೆ ಅಳತೆ ಸರಿಯಿದ್ದೂ ಆಕಾರ ಹೊಂದಿಲ್ಲ ಎಂದರ್ಥ. ಕೆಲವರ ತಲೆ ದುಂಡು, ಕೆಲವರದು ಹಿಂದಕ್ಕೆ ಉದ್ದ. ಬೇರೆ ಕಂಪನಿಯದು ನೋಡಿ. ಕೆನ್ನೆಯ ಮೆತ್ತೆ ಹೊಸದರಲ್ಲಿ ಸ್ವಲ್ಪ ಬಿಗಿಯಾಗಿರುವುದು ಸಹಜ, ತಿಂಗಳೊಳಗೆ ಹದಕ್ಕೆ ಬರುತ್ತದೆ.

ಗುಣಮಟ್ಟಕ್ಕೆ ಐಎಸ್‌ಐ ಗುರುತು ನೋಡಿ. ಗುರುತಿನ ಮೇಲ್ಗಡೆ ಐಎಸ್ 4151 ಎಂದೂ ಕೆಳಗಡೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆಯೂ ಇರಬೇಕು. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ಹಾಕಿದರೆ ಅಸಲಿಯೋ ಅಲ್ಲವೋ ತಿಳಿಯುತ್ತದೆ. ಈ ಗುರುತಿಲ್ಲದ ಹೆಲ್ಮೆಟ್ ಮಾರುವುದನ್ನು 2021ರ ಜೂನ್ 1ರಿಂದ ನಿಷೇಧಿಸಲಾಗಿದೆ, ಆದರೂ ರಸ್ತೆ ಬದಿಯಲ್ಲಿ ಸಿಗುತ್ತದೆ. ಮಕ್ಕಳಿಗೆಂದು ಕಾರ್ಟೂನ್ ಚಿತ್ರ ಅಂಟಿಸಿ ಮಾರುವ ಎಷ್ಟೋ ಹೆಲ್ಮೆಟ್‌ಗಳಲ್ಲಿ ಬಟ್ಟೆಯ ಹಿಂದೆ ಥರ್ಮೋಕೋಲೇ ಇರುವುದಿಲ್ಲ. ಒಳಗಿನ ಮೆತ್ತೆ ಎತ್ತಿ ಬೆರಳಿಂದ ಒತ್ತಿ ನೋಡಿ. ನೆತ್ತಿಯನ್ನಷ್ಟೇ ಮುಚ್ಚುವ ಅರ್ಧ ಹೆಲ್ಮೆಟ್ ಬೇಡವೇ ಬೇಡ. ಕಾಲೇಜಿನ ಮಕ್ಕಳಿಗೆ ಗದ್ದವನ್ನೂ ಮುಚ್ಚುವ ಪೂರ್ಣ ಹೆಲ್ಮೆಟ್ಟೇ ಸರಿ, ಏಕೆಂದರೆ ಅಪಘಾತದಲ್ಲಿ ಗದ್ದ, ದವಡೆಗಳಿಗೆ ಬೀಳುವ ಪೆಟ್ಟು ಕಡಿಮೆಯದಲ್ಲ. ಚಿಕ್ಕ ಮಕ್ಕಳಿಗೆ ಪ್ರಮಾಣಿತವಾದವುಗಳಲ್ಲಿ ಹಗುರವಾದದ್ದನ್ನು ಆರಿಸಿ. ಬಣ್ಣ ಮಾತ್ರ ಮಗುವೇ ಆರಿಸಲಿ.

ನಾಲ್ಕು ವರ್ಷ ದಾಟಿದ ಮಗುವಿಗೂ ಹೆಲ್ಮೆಟ್ ಕಡ್ಡಾಯ ಎಂದು ಮೋಟಾರು ವಾಹನ ಕಾಯ್ದೆಯ 129ನೇ ಕಲಂ ಹೇಳುತ್ತದೆ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರಿಗೆ 2023ರ ಫೆಬ್ರುವರಿ 15ರಿಂದ ಬೇರೆ ನಿಯಮವಿದೆ: ತಲೆಗೆ ಹೊಂದುವ ಹೆಲ್ಮೆಟ್, ಮಗುವನ್ನು ಸವಾರನಿಗೆ ಸೇರಿಸಿ ಕಟ್ಟುವ ಸುರಕ್ಷತಾ ಪಟ್ಟಿ, ಗಾಡಿಯ ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದು. ಒಂಬತ್ತು ತಿಂಗಳಿಗಿಂತ ಎಳೆಯ ಕೂಸಿನ ಕತ್ತು ಹೆಲ್ಮೆಟ್ ಹೊರುವಷ್ಟು ಬಲಿತಿರುವುದಿಲ್ಲ; ಆಟೋ, ಬಸ್ಸು ವಾಸಿ. ಹಾಗೆಯೇ, ಒಳ್ಳೆಯ ಹೆಲ್ಮೆಟ್ ಇದೆ ಎಂಬ ಕಾರಣಕ್ಕೆ ಹದಿನೆಂಟು ತುಂಬದ ಮಗನಿಗೆ ಮನೆಯ ಸ್ಕೂಟರಿನ ಕೀಲಿ ಕೊಡಬೇಡಿ.

ಬಿದ್ದು ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಒಳಗಿನ ಥರ್ಮೋಕೋಲ್ ಒಮ್ಮೆ ಕುಗ್ಗಿದರೆ ಮತ್ತೆ ಹಿಗ್ಗದು, ಹೆಲ್ಮೆಟ್ಟನ್ನೇ ಬದಲಿಸಬೇಕು. ಪೆಟ್ರೋಲ್, ಥಿನ್ನರ್ ಹಾಕಿ ಒರೆಸಿದರೆ ಆ ಪದರ ಕರಗುತ್ತದೆ. ಸೋಪಿನ ನೀರು, ಮೆತ್ತನೆ ಬಟ್ಟೆ ಸಾಕು. ಒಳಗೆ ತೆಳ್ಳನೆ ಹತ್ತಿ ಟೋಪಿ ಹಾಕಿಸಿ, ದಿನವೂ ಒಗೆದರೆ ಬೆವರಿನ ವಾಸನೆಯೂ ಹೇನಿನ ಭಯವೂ ಕಡಿಮೆ. ಗಾಜಿನಲ್ಲಿ ಗೀರು ತುಂಬಿದ್ದರೆ ರಾತ್ರಿ ಎದುರಿನ ಗಾಡಿಯ ಬೆಳಕು ಚದುರಿ ಕಣ್ಣು ಕುಕ್ಕುತ್ತದೆ, ಗಾಜನ್ನಷ್ಟೇ ಬದಲಿಸಿಕೊಳ್ಳಬಹುದು.

ಇಷ್ಟೆಲ್ಲ ಮಾಡಿದ ಮೇಲೂ ಒಂದು ಅಡ್ಡಿ ಉಳಿಯುತ್ತದೆ, ಅದು ಮನೆಯದಲ್ಲ. ಬೆಳಿಗ್ಗೆ ಅಪ್ಪ ಬಿಟ್ಟುಹೋಗುತ್ತಾರೆ, ಸಂಜೆ ಅಮ್ಮನೋ ಚಿಕ್ಕಪ್ಪನೋ ಕರೆತರುತ್ತಾರೆ. ಅಷ್ಟು ಹೊತ್ತು ಹೆಲ್ಮೆಟ್ ಇಡುವುದೆಲ್ಲಿ? ಅಪ್ಪನ ಗಾಡಿಯಲ್ಲೇ ಹೋದರೆ ಸಂಜೆ ಮಗು ಬರಿ ತಲೆಯಲ್ಲಿ ಬರುತ್ತದೆ. ತರಗತಿಯಲ್ಲಿ ಬ್ಯಾಗಿಗೇ ಜಾಗವಿಲ್ಲ. ಶಾಲೆಯ ಗೇಟಿನ ಬಳಿ, ವಾಚ್‌ಮನ್ ಕಣ್ಣಿಗೆ ಬೀಳುವಂತೆ, ನಾಲ್ಕು ಅಂತಸ್ತಿನ ಕಬ್ಬಿಣದ ಸ್ಟ್ಯಾಂಡೊಂದನ್ನು ಇಟ್ಟರೆ ನೂರಾರು ಮಕ್ಕಳ ಕಷ್ಟ ತೀರುತ್ತದೆ. ಹೆಲ್ಮೆಟ್ಟಿನೊಳಗೆ ಮಗುವಿನ ಹೆಸರು, ತರಗತಿ ಬರೆದಿಡಿ, ಮುಂದಿನ ಪೋಷಕರ ಸಭೆಯಲ್ಲಿ ಆ ಸ್ಟ್ಯಾಂಡಿನ ಮಾತು ಎತ್ತಿ.